ಸಿಸ್ಟರನ್ನು ಕೇಳಿ: ಮಗಳಿಗೆ ಪಿಪಿಇ ಕಿಟ್ ಕೊಂಡು ಕೊಡಲೇ?

ಪ್ರಶ್ನೆ: ಮಗಳು ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಮೈಸೂರಿನ ಒಂದು ಆಸ್ಪತ್ರೆಗೆ ಸೇರಿದ್ದಾಳೆ. ಕೊರೊನಾ ಥರದ್ದು ಮತ್ತೆ ಬಂದರೆ ಅವಳ ಗತಿ ಏನು ಅಂತ ನನ್ನ ಹೆಂಡತಿಗೆ ನಿದ್ದೆ ಇಲ್ಲ. ಈ ಸಲ ಕಬ್ಬಿನ ದುಡ್ಡು ಕೈಗೆ ಬಂದಿದೆ. ಸೋಂಕು ತಗುಲದ ಹಾಗೆ ಹಾಕಿಕೊಳ್ಳೋ ಗೌನು, ಗ್ಲೌಸು, ಮಾಸ್ಕಿನ ಪಿಪಿಇ ಕಿಟ್ ಎರಡು ಡಜನ್ ತಂದು ಇಟ್ಟುಬಿಡಲೇ?
– ಒಬ್ಬ ರೈತ, ಮದ್ದೂರು ತಾಲ್ಲೂಕು

ಉತ್ತರ: ಬೇಡ ಅಣ್ಣ. ಕಬ್ಬಿನ ದುಡ್ಡು ಟೈಮಿಗೆ ಬರೋದೇ ಅಪರೂಪ, ಅದನ್ನ ಕಿಟ್‌ಗೆ ಸುರಿಯಬೇಡಿ. ಕಿಟ್ ಕೊಡೋದು ಆಸ್ಪತ್ರೆಯವರ ಕೆಲಸ. ಅಲ್ಲದೆ ಕಿಟ್ ಹಾಕಿಕೊಂಡೂ ಸೋಂಕು ಹತ್ತಿಸಿಕೊಂಡವರನ್ನು ನಾನು ನೋಡಿದ್ದೇನೆ.

2020ರ ಏಪ್ರಿಲ್. ನಂಜನಗೂಡಿನ ಕೇಸುಗಳು ಒಂದರ ಹಿಂದೆ ಒಂದು ಬರುತ್ತಿದ್ದ ದಿನಗಳು. ನಾನಾಗ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್, ಅಂದ್ರೆ ಆಸ್ಪತ್ರೆಯೊಳಗೆ ಸೋಂಕು ಹರಡದ ಹಾಗೆ ನೋಡಿಕೊಳ್ಳೋ ನರ್ಸ್. ಕಿಟ್ ಹಾಕೋದನ್ನು ಎಲ್ಲರೂ ಮೊಬೈಲಲ್ಲಿ ವಿಡಿಯೊ ನೋಡಿ ಕಲಿತಿದ್ದರು. ಬಿಚ್ಚೋದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕೆಲವು ಕಡೆ ಇದನ್ನು ಕಲಿಸೋಕೆ ವಿಶೇಷ ಬೆಳಕಿಗೆ ಹೊಳೆಯುವ ಪುಡಿ ಬಳಸುತ್ತಾರೆ. ನಮಗೆ ಅದೆಲ್ಲಿ ಸಿಗಬೇಕು? ದೇವರ ಮನೆಯ ಕುಂಕುಮ ತಂದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಹತ್ತು ಜನರ ಗ್ಲೌಸಿಗೆ, ಗೌನಿನ ಎದೆಗೆ ಬಳಿದು, "ಈಗ ಬಿಚ್ಚಿ ನೋಡೋಣ" ಅಂದೆ.

ಒಬ್ಬಳ ಗಲ್ಲದ ಮೇಲೆ ಕೆಂಪು. ಇನ್ನೊಬ್ಬಳ ಕಿವಿ ಹಿಂದೆ. ಮತ್ತೊಬ್ಬಳ ತಾಳಿ ಸರಕ್ಕೇ ಮೆತ್ತಿತ್ತು. ಇಪ್ಪತ್ತು ವರ್ಷ ಸರ್ವಿಸ್ ಆದ ಸಿಸ್ಟರ್ ಒಬ್ಬರು ಒಂದು ಚುಕ್ಕೆಯೂ ಇಲ್ಲದೆ ಹೊರಬಂದರು. ಆಮೇಲೆ ನೋಡಿದರೆ ಅವರ ಮೊಬೈಲ್ ಪೂರ್ತಿ ಕುಂಕುಮ. ಕಲಿಸುವವಳು ನಾನು, ನನ್ನ ಮೂಗಿನ ತುದಿಯಲ್ಲೂ ಇತ್ತು. ಕನ್ನಡಕ ಮೇಲಕ್ಕೆ ತಳ್ಳಿಕೊಳ್ಳೋ ಚಾಳಿ ನನಗೆ.

ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡ ಹಾಗೆ ಇದು. ವ್ಯತ್ಯಾಸ ಇಷ್ಟೇ, ಇಲ್ಲಿ ಉರಿ ಆಗ ಗೊತ್ತಾಗಲ್ಲ, ನಾಲ್ಕೈದು ದಿನ ಬಿಟ್ಟು ಗೊತ್ತಾಗುತ್ತೆ. ಅದಕ್ಕೇ ಗ್ಲೌಸ್ ಮೊದಲು ಹೋಗಬೇಕು. ಆಮೇಲೆ ಗೌನ್, ಹಾಸಿಗೆ ಸುತ್ತಿದ ಹಾಗೆ ಹೊರಮೈ ಒಳಗೆ ಹೋಗುವಂತೆ ಸುತ್ತಿಕೊಂಡು. ಆಮೇಲೆ ಕಿಟ್ಟಿನ ಕನ್ನಡಕ. ಮಾಸ್ಕ್ ಕೊನೆಗೆ, ಅದೂ ರೂಮಿನಿಂದ ಹೊರಗೆ ಬಂದ ಮೇಲೆ. ಮಾಸ್ಕಿನ ಮುಂಭಾಗ ಮುಟ್ಟದೆ ಕೆಳಗಿನ ಪಟ್ಟಿ, ಆಮೇಲೆ ಮೇಲಿನ ಪಟ್ಟಿ. ಒಂದೊಂದು ತೆಗೆದಾಗಲೂ ಕೈಗೆ ಸ್ಯಾನಿಟೈಸರ್, ಒಣಗುವ ತನಕ ಉಜ್ಜಬೇಕು. ಎದುರಿಗೆ ಇನ್ನೊಬ್ಬರು ನಿಂತು ನೋಡುತ್ತಾ "ಕೈ, ಕೈ" ಅಂತ ಹೇಳುತ್ತಿದ್ದರೆ ಇನ್ನೂ ಒಳ್ಳೆಯದು. ಆರು ಗಂಟೆ ನೀರು ಕುಡಿಯದೆ, ಬೆವರಿನಲ್ಲಿ ನೆಂದು ಹೊರಗೆ ಬಂದವಳಿಗೆ ಯಾವುದು ಮೊದಲು ಅಂತ ನೆನಪಿರಲ್ಲ. ಅದು ಅವಳ ತಪ್ಪೂ ಅಲ್ಲ.

ಇಷ್ಟೆಲ್ಲ ಮಾಡಿದೆವು. ಆದರೂ ಆ ಜುಲೈನಲ್ಲಿ ನಮ್ಮ ನಾಲ್ಕು ಜನಕ್ಕೆ ಬಂತು. ಅವರಲ್ಲಿ ಮೂವರು ಕೊರೊನಾ ವಾರ್ಡಿನವರೇ ಅಲ್ಲ! ಡ್ಯೂಟಿ ರೂಮಿನಲ್ಲಿ ಮಾಸ್ಕ್ ತೆಗೆದಿಟ್ಟು, ಕಿಟಕಿ ಮುಚ್ಚಿ, ಎ.ಸಿ. ಹಾಕಿ, ಒಟ್ಟಿಗೆ ಕೂತು ಉಪ್ಪಿಟ್ಟು ತಿಂದವರು. ರೋಗಿ ಅಂದ್ರೆ ಭಯ, ಜೊತೆಯವರು ಅಂದ್ರೆ ಸಲುಗೆ. ನಾನೂ ಎಚ್ಚರ ತಪ್ಪಿದ್ದೆ, ಒಪ್ಪಿಕೊಳ್ಳುತ್ತೇನೆ. ಆಗ ನಮ್ಮ ಗಮನವೆಲ್ಲ ಟೇಬಲ್ ಒರೆಸೋದರಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚಿನಲ್ಲಿ ಇದು ಗಾಳಿಯಲ್ಲಿ ಹರಡೋದಲ್ಲ ಅಂದಿತ್ತು, ಆ ಮಾತು ಸರಿಯಾಗಿ ಬದಲಾಗೋಕೆ 2021 ಬರಬೇಕಾಯಿತು. ನಮ್ಮೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಪಿ.ಕೆ. ಸ್ಯಾನಿಟೋರಿಯಂ ಇದೆ, ಟಿ.ಬಿ.ಗೆ ಅಂತ ನಾಲ್ವಡಿಯವರ ಕಾಲದಲ್ಲಿ ಕಟ್ಟಿಸಿದ್ದು. ಆಗ ಟಿ.ಬಿ.ಗೆ ಮಾತ್ರೆ ಇರಲಿಲ್ಲ, ಒಳ್ಳೆ ಗಾಳಿ, ಬಿಸಿಲು, ಊಟವೇ ಔಷಧ. ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ! ಡ್ಯೂಟಿ ರೂಮಿನ ಕಿಟಕಿ ತೆಗೆಯಬೇಕು ಅಂತ ಮಾತ್ರ ಹೊಳೆಯಲಿಲ್ಲ.

ಮಗಳಿಗೆ ಫೋನ್ ಮಾಡಿದಾಗ ಮೂರು ವಿಷಯ ಕೇಳಿ. ರಕ್ತದಿಂದ ಹರಡೋ ಹೆಪಟೈಟಿಸ್ ಬಿ ತಡೆಯೋ ಇಂಜೆಕ್ಷನ್ ಮೂರೂ ಆಗಿದೆಯಾ? ಕಿಟ್ ಬಿಚ್ಚೋದನ್ನು ಯಾರಾದರೂ ಎದುರಿಗೆ ನಿಂತು ಕಲಿಸಿದ್ದಾರಾ? ಊಟ ಎಲ್ಲಿ ಮಾಡ್ತೀಯಾ? ಏನಾದರೂ ಕೊಡಲೇಬೇಕು ಅನಿಸಿದರೆ ಬಾಡಿಗೆಗೆ ಸ್ವಲ್ಪ ಸೇರಿಸಿ ಕೊಡಿ. ಬೇರೆ ಬಚ್ಚಲು ಇರೋ ರೂಮು ಸಿಕ್ಕರೆ ಅದೇ ದೊಡ್ಡ ಉಪಕಾರ.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್, ಕಾಂಟ್ರಾಕ್ಟ್ ಮೇಲೆ. ಕೊರೊನಾ ಟೈಮಲ್ಲಿ ನಮಗೆ ಒಂದು ಎನ್-95 ಕೊಟ್ಟು ತಿಂಗಳು ಹಾಕಿ ಅಂದಿದ್ದರು. ನಾನು ದಿನಾ ಸೋಪಿನಲ್ಲಿ ಒಗೆದು ಹಾಕುತ್ತಿದ್ದೆ. ಅದು ಸರೀನಾ?
– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಕಾಗದ ಓದಿ ಸಿಟ್ಟು ಬಂತಮ್ಮ, ನಿಮ್ಮ ಮೇಲಲ್ಲ. ಸಿರಿಂಜು, ರಕ್ತದ ಬಟ್ಟೆ, ಸೋಂಕಿನ ಕಸದ ಹಳದಿ ಚೀಲ ಎಲ್ಲ ಎತ್ತೋದು ನೀವು. ಮಾಸ್ಕ್ ಹಂಚುವಾಗ ಲಿಸ್ಟಿನಲ್ಲಿ ಕೊನೇ ಹೆಸರೂ ನಿಮ್ಮದೇ.

ಎನ್-95 ಒಗೆಯಬಾರದು. ಬಾಚಣಿಗೆಯನ್ನು ಕೂದಲಿಗೆ ಉಜ್ಜಿದರೆ ಕಾಗದದ ಚೂರು ಬಂದು ಅಂಟುತ್ತಲ್ವಾ, ಅಂಥದೇ ವಿದ್ಯುತ್ತನ್ನು ಅದರ ಒಳಪದರಕ್ಕೆ ತುಂಬಿರುತ್ತಾರೆ. ಸಣ್ಣ ಕಣಗಳನ್ನು ಹಿಡಿಯೋದು ಅದೇ. ಸೋಪು, ಸ್ಪಿರಿಟ್ ತಗುಲಿದರೆ ಆ ಶಕ್ತಿ ಹೋಗುತ್ತೆ. ನೋಡೋಕೆ ಮಾಸ್ಕ್ ಹಾಗೇ ಇರುತ್ತೆ. ಮಾಸ್ಕಿಗೆ ಬರ ಬಂದಾಗ ನಾವು ಐದು ಮಾಸ್ಕ್, ಐದು ಕಾಗದದ ಕವರ್ ಇಟ್ಟುಕೊಂಡಿದ್ದೆವು. ಸೋಮವಾರ, ಮಂಗಳವಾರ ಅಂತ ಬರೆದು ಸರದಿಯ ಮೇಲೆ ಹಾಕುತ್ತಿದ್ದೆವು. ಪ್ಲಾಸ್ಟಿಕ್ ಕವರ್ ಬೇಡ, ತೇವ ಆರಲ್ಲ. ಇಲಾಸ್ಟಿಕ್ ಸಡಿಲ ಆದರೆ, ಒದ್ದೆ ಆದರೆ, ರಕ್ತ ಸಿಡಿದರೆ ಅದನ್ನು ಬಿಸಾಡಿ.

ನೆಲ ಒರೆಸೋ ಹೈಪೋ, ಅಂದ್ರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ ಬಗ್ಗೆಯೂ ಹೇಳಿಬಿಡ್ತೀನಿ. ಕ್ಯಾನ್ ಮೇಲೆ ಐದು ಪರ್ಸೆಂಟ್ ಅಂತ ಇದ್ದರೆ ಒಂದು ಮಗ್ಗಿಗೆ ನಾಲ್ಕು ಮಗ್ಗು ನೀರು, ಆಗ ಒಂದು ಪರ್ಸೆಂಟ್ ಆಗುತ್ತೆ. ದಿನಾ ಹೊಸದಾಗಿ ಕಲಸಿ. ಟಾಯ್ಲೆಟ್ ಆ್ಯಸಿಡ್ ಜೊತೆ ಮಾತ್ರ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಎದ್ದು ಉಸಿರು ಕಟ್ಟುತ್ತೆ.

ಜ್ವರ ಬಂದರೆ ಬಾಯಿಬಿಟ್ಟು ಹೇಳಿ. ರಜೆ ಹಾಕಿದರೆ ಸಂಬಳ ಕಟ್ ಅಂತ ಮಾತ್ರೆ ನುಂಗಿ ಬರುವವರು ಎಷ್ಟೋ ಜನ. ನಿಮ್ಮನ್ನು ಬೈಯಲಾರೆ. ಸಂಬಳ ಹಿಡಿಯೋ ಮೇಸ್ತ್ರಿಗೆ ಹೇಳಬೇಕಾದ ಮಾತು ಬೇರೆ ಇದೆ, ಪತ್ರಿಕೆಯಲ್ಲಿ ಅಚ್ಚು ಹಾಕೋಕಾಗಲ್ಲ.

ಪ್ರಶ್ನೆ: ನಾನು ಮೆಡಿಕಲ್ ಪಿ.ಜಿ. ವಿದ್ಯಾರ್ಥಿ. ಎನ್-95 ಹಾಕಬೇಕಾದರೆ ಗಡ್ಡ ತೆಗೆಯಲೇಬೇಕಾ?
– ಮಂಡ್ಯ

ಉತ್ತರ: ತೆಗೆಯಲೇಬೇಕು ಡಾಕ್ಟರೇ. ಮಾಸ್ಕಿನ ಅಂಚು ಚರ್ಮಕ್ಕೆ ಕೂರಬೇಕು. ಗಡ್ಡದ ಸಂದಿಯಲ್ಲಿ ಗಾಳಿ ಸೀದಾ ಒಳಗೆ ಬರುತ್ತೆ. ನಂಬಿಕೆ ಬರದಿದ್ದರೆ ಫಿಟ್ ಟೆಸ್ಟ್ ಮಾಡಿಸಿಕೊಳ್ಳಿ. ಮಾಸ್ಕ್ ಹಾಕಿಸಿ, ತಲೆ ಮೇಲೆ ಒಂದು ಗವಸು ಮುಚ್ಚಿ, ಒಳಗೆ ಸ್ಯಾಕರಿನ್ ಸಿಂಪಡಿಸುತ್ತಾರೆ. ಬಾಯಿ ಸಿಹಿಯಾಯಿತೋ, ಫೇಲು. ಮೀಸೆ ಮಾಸ್ಕಿನ ಒಳಗೇ ಕೂರುವಷ್ಟಿದ್ದರೆ ಇರಲಿ ಬಿಡಿ. ಮಂಡ್ಯದವರಿಗೆ ಮೀಸೆ ತೆಗೀರಿ ಅನ್ನೋ ಧೈರ್ಯ ನನಗಂತೂ ಇಲ್ಲ.