ರಾಬರ್ಟ್‌ಸನ್‌ಪೇಟೆ ಬಗ್ಗೆ ಕೇಳಿದೆಯಲ್ಲ

"ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಲ್ಲಿ ಪೇಟೆ ಅಂತ ಏನಿದೆ? ಎಲ್ಲಾ ತಮಿಳೇ ಅಲ್ವಾ?" ಅಂತ ಕೇಳಿದೆಯಲ್ಲ ಮಾರಾಯ. ಸಿನಿಮಾ ನೋಡಿ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಕೆಜಿಎಫ್ ಅಂದರೆ ಕೋಲಾರದ ಚಿನ್ನದ ಗಣಿಯ ಊರು, ಅದರ ಪೇಟೆಯೇ ನಮ್ಮ ರಾಬರ್ಟ್‌ಸನ್‌ಪೇಟೆ.

ತಮಿಳು ಹೌದು. ಗಣಿ ಕೆಲಸಕ್ಕೆ ಜನ ಬಂದದ್ದೇ ಹೆಚ್ಚಾಗಿ ಆ ಕಡೆಯಿಂದ. ನಮ್ಮ ಮನೆಯಲ್ಲಿ ಕನ್ನಡ, ಎಂ.ಜಿ. ಮಾರ್ಕೆಟ್‌ನಲ್ಲಿ ತಮಿಳು, ಆಂಧ್ರದ ವಿ. ಕೋಟ ಕಡೆಯಿಂದ ತರಕಾರಿ ತರುವವರ ಹತ್ತಿರ ತೆಲುಗು. ಚೌಕಾಸಿ ಮೂರರಲ್ಲೂ ಬರುತ್ತದೆ. ಅಷ್ಟಕ್ಕೇ ನಾನು ಕನ್ನಡದವನಲ್ಲ ಅಂದರೆ ಹೇಗೆ? ಕೋಲಾರ ಜಿಲ್ಲೆ ಯಾವ ರಾಜ್ಯದಲ್ಲಿದೆ ಅಂತ ಮೊದಲು ನೋಡು.

ಶಿವನಸಮುದ್ರದ ಕರೆಂಟು ನಮ್ಮ ಗಣಿಗೆ 1902ರಲ್ಲೇ ಬಂತು. ನಿಮ್ಮ ಬೆಂಗಳೂರಿಗೆ ಬಂದದ್ದು 1905ರಲ್ಲಿ. ಸುಮ್ನೆ ಹೇಳಿದೆ.

ಸಂಬಳದ ದಿನ ರಾಬರ್ಟ್‌ಸನ್‌ಪೇಟೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂ, ಹೀಗೆ ಗಣಿಯ ಎಲ್ಲಾ ಕಡೆಯವರೂ ಇಲ್ಲಿಗೇ. ಹಳೆ ಸಾಲ ತೀರಿಸಿ ಅದೇ ಅಂಗಡಿಯಲ್ಲಿ ಹೊಸ ಸಾಲ ಬರೆಸಿ ಹೋಗುವುದು. ದೀಪಾವಳಿ, ಕ್ರಿಸ್‌ಮಸ್ ಎರಡಕ್ಕೂ ಬಟ್ಟೆ ಅಂಗಡಿಯವನಿಗೆ ಊಟಕ್ಕೆ ಪುರುಸೊತ್ತಿಲ್ಲ. ಮೂರು ಕಿಲೋಮೀಟರ್ ಆಳದಿಂದ ಚಿನ್ನ ತೆಗೆದವನು ಹೆಂಡತಿಯ ಸರ ಅಡವಿಡಲು ಬರುತ್ತಿದ್ದದ್ದೂ ಇದೇ ಪೇಟೆಗೆ.

2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಆದರೆ ಪೇಟೆಗೆ ನಿಜವಾಗಿ ಪೆಟ್ಟು ಕೊಟ್ಟದ್ದು ರೈಲು. ಇದನ್ನು ಹೊರಗಿನವರಿಗೆ ಅರ್ಥ ಮಾಡಿಸುವುದೇ ಕಷ್ಟ. ಕೆಲಸ ಇರುವುದು ಬೆಂಗಳೂರಿನಲ್ಲಿ, ಮನೆ ಇರುವುದು ಇಲ್ಲಿ. ಬೆಳಕು ಹರಿಯುವ ಮುಂಚೆ ಹೊರಟರೆ ವಾಪಸ್ ಬರುವುದು ರಾತ್ರಿ. ಬಂಗಾರಪೇಟೆ ದಾಟುವವರೆಗೂ ನಿಂತೇ ಬಂದವನಿಗೆ ಪೇಟೆ ಸುತ್ತುವ ಶಕ್ತಿ ಎಲ್ಲಿರುತ್ತದೆ? ಮಕ್ಕಳ ಚಪ್ಪಲಿ, ಬ್ಯಾಗು ಎಲ್ಲಾ ಅಲ್ಲೇ ಕೆ.ಆರ್. ಪುರದಲ್ಲಿ ಕೊಂಡು ರೈಲು ಹತ್ತುತ್ತೇವೆ. ಅಂಗಡಿಯವರಿಗೆ ಕೋಪ: "ದುಡಿಯೋದು ಅಲ್ಲಿ, ಖರ್ಚೂ ಅಲ್ಲೇ, ಸಾಲಕ್ಕೆ ಮಾತ್ರ ನಾವು ಬೇಕಾ?" ಅವರು ಹೇಳುವುದು ನ್ಯಾಯವೇ. ಆದರೆ ನಾವು ಬರುವ ಹೊತ್ತಿಗೆ ಅವರ ಅರ್ಧ ಬಾಗಿಲು ಇಳಿದಿರುತ್ತದೆ. ಗಿರಾಕಿ ಇಲ್ಲ ಅಂತ ಅವರು ಬೇಗ ಮುಚ್ಚುತ್ತಾರೆ, ಮುಚ್ಚಿದ್ದಾರೆ ಅಂತ ನಾವು ಹೋಗುವುದಿಲ್ಲ. ಯಾರು ಮೊದಲು ಬದಲಾಗಬೇಕು ಅಂತ ನಮ್ಮ ಬೋಗಿಯಲ್ಲಿ ದಿನಾ ವಾದ. ಇನ್ನೂ ತೀರ್ಮಾನ ಆಗಿಲ್ಲ.

ಪೇಟೆ ಇದೆ ಕಣೋ. ನೋಡಬೇಕು ಅಂದರೆ ಭಾನುವಾರ ಬಾ. ಉಳಿದ ದಿನ ಬಂದರೆ ಅಂಗಡಿಯವರು ಸಿಗುತ್ತಾರೆ, ನಾನು ಸಿಗಲ್ಲ.