ಪಂಕ್ ಸಂಗೀತಕ್ಕೂ ಕಾಮಿಕ್ಸ್‌ಗೂ ಏನು ನಂಟು?

ತುಂಬಾ ಹತ್ತಿರದ ನಂಟು. ಪಂಕ್ ಅಂದರೆ 1970ರ ದಶಕದಲ್ಲಿ ಹುಟ್ಟಿದ ವೇಗದ, ಒರಟು ರಾಕ್ ಸಂಗೀತ. ಪಂಕ್ ಅನ್ನೋ ಹೆಸರು ಎಲ್ಲರ ಬಾಯಿಗೆ ಬರಲು ಒಬ್ಬ ಕಾರ್ಟೂನಿಸ್ಟ್ ಕೂಡ ಕಾರಣ. ನ್ಯೂಯಾರ್ಕಿನ ಜಾನ್ ಹೋಮ್‌ಸ್ಟ್ರಮ್ 1976ರ ಜನವರಿಯಲ್ಲಿ ಗೆಳೆಯರ ಜೊತೆ 'ಪಂಕ್' ಎಂಬ ಪತ್ರಿಕೆ ಶುರು ಮಾಡಿದರು. ಮೊದಲ ಸಂಚಿಕೆಯ ಮುಖಪುಟದಲ್ಲಿ ಗಾಯಕ ಲೂ ರೀಡ್ ಅವರ ಫೋಟೋ ಇರಲಿಲ್ಲ, ಕಾರ್ಟೂನ್ ಇತ್ತು. ಒಳಗಿನ ಸಂದರ್ಶನವನ್ನೂ ಕೈಬರಹದಲ್ಲಿ, ಕಾಮಿಕ್ಸ್ ಥರಾನೇ ಬರೆದಿದ್ದರು. ಮುಂದೆ ರಾಮೋನ್ಸ್ ಎಂಬ ಪಂಕ್ ತಂಡದ ಆಲ್ಬಮ್‌ಗಳಿಗೂ ಅವರೇ ಚಿತ್ರ ಬರೆದರು.

ಕ್ಯಾಲಿಫೋರ್ನಿಯಾದ ಕಥೆ ನನಗೆ ಇನ್ನೂ ಇಷ್ಟ. ಬ್ಲ್ಯಾಕ್ ಫ್ಲ್ಯಾಗ್ (ಅಂದರೆ ಕಪ್ಪು ಬಾವುಟ) ಎಂಬ ಪಂಕ್ ತಂಡದ ಗಿಟಾರ್ ವಾದಕ ಗ್ರೆಗ್ ಗಿನ್ ಅವರ ತಮ್ಮ ರೇಮಂಡ್ ಪೆಟಿಬಾನ್. ತಂಡಕ್ಕೆ ಹೆಸರು ಕೊಟ್ಟಿದ್ದೂ ಇವರೇ, ಲಾಂಛನ ಬರೆದಿದ್ದೂ ಇವರೇ. ಆ ಲಾಂಛನ ನೋಡಿ: ಸಾಲಾಗಿ ನಿಂತ ನಾಲ್ಕೇ ಕಪ್ಪು ಪಟ್ಟಿಗಳು, ಒಂದು ಸ್ವಲ್ಪ ಮೇಲೆ, ಪಕ್ಕದ್ದು ಸ್ವಲ್ಪ ಕೆಳಗೆ. ಅಷ್ಟರಲ್ಲೇ ಗಾಳಿಗೆ ಹಾರುವ ಬಾವುಟ ಕಾಣುತ್ತದೆ! ಕಾರ್ಯಕ್ರಮದ ಕರಪತ್ರಗಳಿಗೆ ಅವರು ಬರೆದದ್ದು ದಪ್ಪ ಶಾಯಿಯ ಒಂದೇ ಚೌಕದ ಚಿತ್ರ, ಪಕ್ಕದಲ್ಲಿ ಮನಸ್ಸು ಕಲಕುವ ಒಂದೆರಡು ಸಾಲು. ಕಪ್ಪು-ಬಿಳುಪು ಗೆರೆ ಆದ್ದರಿಂದ ಜೆರಾಕ್ಸ್‌ನಲ್ಲಿ ಚೆನ್ನಾಗಿ ಮೂಡುತ್ತಿತ್ತು, ಖರ್ಚೂ ಕಡಿಮೆ. ಕೈಯಲ್ಲಿ ಕಾಸಿಲ್ಲದ ತಂಡಗಳಿಗೆ ಇನ್ನೇನು ಬೇಕು, ಅಲ್ವಾ?

ಓದಲು ಎಲ್ಲಿಂದ ಶುರು ಮಾಡಲಿ ಅಂದರೆ, ಹರ್ನಾಂಡೆಜ್ ಸಹೋದರರ 'ಲವ್ ಆ್ಯಂಡ್ ರಾಕೆಟ್ಸ್' ಎಂಬ ಕಾಮಿಕ್ಸ್ ಸರಣಿಯಿಂದ. 1981ರಲ್ಲಿ ಮೊದಲು ಅವರೇ ಅಚ್ಚು ಹಾಕಿಸಿದರು. ಅದರಲ್ಲಿ ಸಹೋದರರಲ್ಲೊಬ್ಬರಾದ ಹೈಮೆ ಬರೆದ ಮ್ಯಾಗಿ ಮತ್ತು ಹೋಪಿ ಪಂಕ್ ಲೋಕದಲ್ಲೇ ಬೆಳೆದ ಹುಡುಗಿಯರು. ವರ್ಷ ಕಳೆದಂತೆ ಅವರಿಗೂ ವಯಸ್ಸಾಗುತ್ತಾ ಹೋಗುತ್ತದೆ.