ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಇನ್ನೂ ಬಂದೇ ಇಲ್ಲ, ಎನ್‌ಕ್ರಿಪ್ಷನ್ ಈಗಲೇ ಯಾಕೆ ಬದಲಾಯಿಸಬೇಕು?

"ಆರ್‌ಎಸ್‌ಎ ಎನ್‌ಕ್ರಿಪ್ಷನ್ ಒಡೆಯುವಷ್ಟು ದೊಡ್ಡ ಕ್ವಾಂಟಮ್ ಯಂತ್ರ ಯಾರ ಹತ್ತಿರಾನೂ ಇಲ್ಲ, ಬಂದ ಮೇಲೆ ನೋಡಿಕೊಂಡರಾಯ್ತು ಅಲ್ವಾ?" ಅಂತ ಕೇಳಿದ್ದೀರಿ. ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ನಾನೂ ಹೀಗೇ ಹೇಳಿಕೊಂಡು ಓಡಾಡುತ್ತಿದ್ದೆ.

ಆದರೆ ಆ ಯಂತ್ರ ಬರುವವರೆಗೂ ಕಳ್ಳ ಕಾಯಬೇಕಿಲ್ಲ. ಇವತ್ತು ಓಡಾಡುವ ಡೇಟಾವನ್ನು ಸುಮ್ನೆ ತುಂಬಿಟ್ಟುಕೊಂಡರೆ ಸಾಕು, ಬೀಗ ತೆಗೆಯುವುದು ಆಮೇಲಿನ ಮಾತು. ಓಟಿಪಿ ಆದರೆ ಓದಿಕೊಳ್ಳಲಿ ಬಿಡಿ. ರೋಗಿಯ ಕಡತ 20 ವರ್ಷ ಕಳೆದರೂ ಗುಟ್ಟೇ.

ಹಾಗಂತ ಎಲ್ಲವನ್ನೂ ಕಿತ್ತುಹಾಕಬೇಡಿ. ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ತೋರಿಸಿದ ಕ್ವಾಂಟಮ್ ದಾರಿಯಲ್ಲಿ ಬೀಳುವುದು ಆರ್‌ಎಸ್‌ಎ, ಡಿಫಿ-ಹೆಲ್‌ಮನ್, ಎಲಿಪ್ಟಿಕ್ ಕರ್ವ್. ಡೇಟಾಗೇ ಬೀಗ ಹಾಕುವ ಎಇಎಸ್-256ಕ್ಕೆ ಹೇಳಿಕೊಳ್ಳುವಂಥ ಅಪಾಯವಿಲ್ಲ. ಮೊದಲು ಕೀ ವಿನಿಮಯ (ಎರಡೂ ಕಡೆಯವರು ಗುಟ್ಟಿನ ಕೀ ಒಪ್ಪಿಕೊಳ್ಳುವ ಹಂತ) ಬದಲಾಯಿಸಿ, ಯಾರು ಅಂತ ಸಾಬೀತು ಮಾಡುವ ಡಿಜಿಟಲ್ ಸಹಿ ಆಮೇಲೆ. ಮುಗಿದುಹೋದ ಸಂಪರ್ಕದ ಸಹಿಯನ್ನು ಮುಂದೆ ನಕಲಿ ಮಾಡಿ ಯಾರಿಗೂ ಲಾಭವಿಲ್ಲ. 15 ವರ್ಷ ಬಾಳಬೇಕಾದ ಸಾಧನಕ್ಕೆ ಅದರೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಸಹಿ ಮಾಡುತ್ತಿದ್ದರೆ ಮಾತ್ರ ಅದನ್ನೂ ಈಗಲೇ ಯೋಚಿಸಿ.

ಕ್ವಾಂಟಮ್ ಯಂತ್ರಕ್ಕೂ ಜಗ್ಗದ ಕೀ ವಿನಿಮಯಕ್ಕೆ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಎಂಎಲ್-ಕೆಇಎಂ ಅನ್ನುವ ಮಾನದಂಡ ಕೊಟ್ಟಿದೆ. ಹಳೆಯ ಹೆಸರು ಕೈಬರ್. ಅದೊಂದನ್ನೇ ನಂಬಿ ಕೂರಬೇಡಿ, ಹಳೆಯ ಎಲಿಪ್ಟಿಕ್ ಕರ್ವ್ ವಿಧಾನವಾದ ಎಕ್ಸ್25519 ಜೊತೆಗೆ ಸೇರಿಸಿ ಬಳಸಿ. ನಿಸ್ಟ್ ಇಂಥ ವಿಧಾನ ಆರಿಸಲು ನಡೆಸಿದ ಸ್ಪರ್ಧೆಯಲ್ಲಿ ಬಹಳ ದೂರ ಬಂದಿದ್ದ ಸೈಕ್ ಅನ್ನುವ ಇನ್ನೊಂದು ವಿಧಾನವನ್ನು 2022ರಲ್ಲಿ ಮಾಮೂಲಿ ಕಂಪ್ಯೂಟರಿನ ಒಂದೇ ಕೋರ್ ಸುಮಾರು ಒಂದು ಗಂಟೆಯಲ್ಲಿ ಒಡೆದುಹಾಕಿತು. ಕ್ವಾಂಟಮ್ ಬೇಕಾಗಲೇ ಇಲ್ಲ! ಎರಡು ಬೀಗ ಇದ್ದರೆ ಒಂದು ಹೋದರೂ ಬಾಗಿಲು ಮುಚ್ಚೇ ಇರುತ್ತೆ.

ನಮಗೆ ಪೆಟ್ಟು ಕೊಟ್ಟಿದ್ದು ಗಣಿತವಲ್ಲ, ಗಾತ್ರ. ಎಕ್ಸ್25519ರ ಸಾರ್ವಜನಿಕ ಕೀ 32 ಬೈಟ್, ಎಂಎಲ್-ಕೆಇಎಂ-768ರದ್ದು 1184 ಬೈಟ್. ವೆಬ್ ಸಂಪರ್ಕಕ್ಕೆ ಬೀಗ ಹಾಕುವ ಟಿಎಲ್‌ಎಸ್‌ನ ಮೊದಲ ಸಂದೇಶ ಒಂದು ಪ್ಯಾಕೆಟ್‌ನಲ್ಲಿ ಹಿಡಿಸದೆ ಎರಡಾಯಿತು. ನಡುವೆ ಇದ್ದ ಹಳೇ ಫೈರ್‌ವಾಲ್ ಮೊದಲ ತುಂಡನ್ನಷ್ಟೇ ನೋಡಿ ಸಂಪರ್ಕ ಕಡಿದುಹಾಕುತ್ತಿತ್ತು. ಲಾಗ್‌ನಲ್ಲಿ ಬರೀ ಟೈಮ್‌ಔಟ್. ಎರಡು ದಿನ ಸರ್ಟಿಫಿಕೇಟ್ ಮೇಲೇ ಅನುಮಾನಪಟ್ಟೆವು. ನೀವು ಮೊದಲು ಟೆಸ್ಟ್ ಸರ್ವರ್‌ನಲ್ಲೇ ಹಚ್ಚಿ ನೋಡಿ.

ಶುರು ಮಾಡೋಕೆ, ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸುಲಭ. ಅದರ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್ 9.0ರಿಂದಲೇ ಇಂಥ ಜೋಡಿ ವಿನಿಮಯ ತಾನಾಗೇ ನಡೆಯುತ್ತೆ, 10.0ರಿಂದ ಎಂಎಲ್-ಕೆಇಎಂ ಜೋಡಿಯೇ ಮೊದಲ ಆಯ್ಕೆ. ನಿಮ್ಮ ಸರ್ವರ್‌ಗೆ ವರ್ಬೋಸ್ (ವಿವರ ತೋರಿಸುವ -v) ಹಾಕಿ ಲಾಗಿನ್ ಆಗಿ, ಕೆಕ್ಸ್ ಅಲ್ಗಾರಿದಮ್ (ಕೀ ವಿನಿಮಯದ ವಿಧಾನ) ಅನ್ನುವ ಸಾಲು ಓದಿ. ಬರೀ ಕರ್ವ್25519 (ಅದೇ ಎಕ್ಸ್25519) ಅಂತ ಕಂಡರೆ ನಿಮ್ಮದೋ ಸರ್ವರಿನದೋ, ಒಂದು ಕಡೆ ಹಳೇ ಆವೃತ್ತಿಯೋ ಹಳೇ ಸೆಟ್ಟಿಂಗೋ ಇದೆ ಅಂತ ಲೆಕ್ಕ.